ಚೆಕಿಂಗ್ ಸಾಹೇಬರಾದ ಪ್ರೋಹಾಸ್ಕ

ವಿಯೆನ್ನಾದ ಒಟ್ಟಾಕ್ರಿಂಗ್ ಬಡಾವಣೆಯ ಆ ಹಳೆಯ ನಾಲ್ಕಂತಸ್ತಿನ ಕಟ್ಟಡದಲ್ಲಿ ಹದಿನಾಲ್ಕು ಸಂಸಾರಗಳಿದ್ದವು. ಬಾಗಿಲ ಬಳಿ ಕರೆಗಂಟೆಗಳ ಫಲಕ ನೋಡಿದರೆ ಇದು ವಾಸದ ಮನೆಯೋ ವಿಶ್ವವಿದ್ಯಾಲಯವೋ ಎಂದು ಅನುಮಾನ ಬರುತ್ತಿತ್ತು. ಇಬ್ಬರು ಡಾಕ್ಟರು, ಮೂವರು ಇಂಜಿನಿಯರು, ಒಬ್ಬರು ನಿವೃತ್ತ ಸರ್ಕಾರಿ ಸಲಹೆಗಾರರು. ಮೂರನೆಯ ಮಹಡಿಯಲ್ಲಿ ಹೆಡ್‌ಮಾಸ್ಟರ್ ಬ್ಲಾಶೆಕ್ ಅಮ್ಮನವರು. ಹೆಡ್‌ಮಾಸ್ಟರಾಗಿದ್ದವರು ಅವರ ಗಂಡ. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಮ್ಮನವರು ಗಂಡನನ್ನು ಮಣ್ಣು ಮಾಡಲು ಒಪ್ಪಿದ್ದರೇ ಹೊರತು ಗಂಡನ ಪದವಿಯನ್ನಲ್ಲ. ನಮ್ಮೂರಲ್ಲಿ ಮನುಷ್ಯನಿಗೆ ಹಲ್ಲಿಲ್ಲದಿದ್ದರೂ ನಡೆಯುತ್ತದೆ, ಹೆಸರಿನ ಮುಂದೆ ಏನಾದರೊಂದು ಇರಲೇಬೇಕು. ಆ ಫಲಕದಲ್ಲಿ ಮುಂದೆಯೂ ಇಲ್ಲದೆ ಹಿಂದೆಯೂ ಇಲ್ಲದೆ ಬೋಳಾಗಿ ನಿಂತಿದ್ದ ಹೆಸರು ಒಂದೇ ಒಂದು. ಪ್ರೋಹಾಸ್ಕ.

ಎಗಾನ್ ಪ್ರೋಹಾಸ್ಕ ಮೂವತ್ತೆಂಟು ವರ್ಷ ಒಂದೇ ಅಂಗಡಿಯಲ್ಲಿ ಗುಂಡಿ ಮಾರಿದವರು. ಕೋಟಿನ ಗುಂಡಿ, ರವಿಕೆಯ ಗುಂಡಿ, ಕೊಂಬಿನದು, ಕಪ್ಪೆಚಿಪ್ಪಿನದು. ಅಂಗಡಿ ಮುಚ್ಚಿದ ದಿನ ಯಜಮಾನರು ಕಣ್ಣೀರು ಹಾಕಿ, ಹಿತ್ತಾಳೆ ಗುಂಡಿಯ ಕಡುನೀಲಿ ಕೋಟೊಂದನ್ನು ಅವರಿಗೆ ತೊಡಿಸಿ ಕಳಿಸಿದರು. ಮರುದಿನದಿಂದ ಎಗಾನ್ ಮನೆಯಲ್ಲಿ ಹೆಂಡತಿ ಹೆರ್ಮಿನೆಯ ಕಾಲಿಗೆ ತೊಡರತೊಡಗಿದರು.

ಹೆರ್ಮಿನೆಗೆ ಮೊದಲೇ ಜಾಗ ಸಾಲದು. ಅಡುಗೆಮನೆಯ ಕಿಟಕಿಯಲ್ಲಿ ಟೊಮ್ಯಾಟೊ, ಮಲಗುವ ಕೋಣೆಯಲ್ಲಿ ಮೆಣಸಿನ ಗಿಡ, ಸ್ನಾನದ ತೊಟ್ಟಿಯಲ್ಲಿ ಸೌತೆ ಸಸಿ. ಎಗಾನ್ ಸ್ನಾನ ಮಾಡಬೇಕಾದರೆ ಮೊದಲು ಇಪ್ಪತ್ತೆರಡು ಸೌತೆ ಸಸಿಗಳನ್ನು ಒಂದೊಂದಾಗಿ ಎತ್ತಿ ಹಾಸಿಗೆಯ ಮೇಲಿಡಬೇಕಾಗಿತ್ತು. ಊರಂಚಿನ ಗುಡ್ಡದ ಮೇಲೆ ಕೈತೋಟಗಳ ಸಂಘವೊಂದಿದೆ. ಅಂಗೈಯಗಲದ ತೋಟ, ಅದರೊಳಗೆ ಬೆಂಕಿಪೊಟ್ಟಣದಷ್ಟು ಮರದ ಮನೆ. ಅಂಥದ್ದೊಂದು ತೋಟಕ್ಕೆ ಹೆರ್ಮಿನೆ ಹೆಸರು ಬರೆಸಿ ಹನ್ನೊಂದು ವರ್ಷವಾಗಿತ್ತು. ಹನ್ನೊಂದು ಕ್ರಿಸ್‌ಮಸ್‌ಗೂ ಸಂಘದ ಅಧ್ಯಕ್ಷ ಇಂಜಿನಿಯರ್ ಮಾರೆಶ್ ಅವರಿಗೆ ತಪ್ಪದೆ ಶುಭಾಶಯ ಪತ್ರ ಹಾಕಿದ್ದಳು. ಈ ಮೇ ತಿಂಗಳಲ್ಲಿ ಕೊನೆಗೂ ಉತ್ತರ ಬಂತು. ಇಪ್ಪತ್ತೇಳನೇ ನಂಬರಿನ ತೋಟ ಖಾಲಿಯಾಗಿದೆ, ಪಟ್ಟಿಯಲ್ಲಿ ನೀವೇ ಮೊದಲು, ಜೂನ್ ಕೊನೆಯ ಶನಿವಾರ ಸಮಿತಿ ಕೂತು ನೀವು ಎಂಥ ಜನ ಎಂದು ವಿಚಾರಿಸಿ ತೀರ್ಮಾನ ಮಾಡುತ್ತದೆ. ಹೆರ್ಮಿನೆ ಆ ಕಾಗದವನ್ನು ಎರಡು ಸಲ ಓದಿ, ಸ್ಟೂಲಿನ ಮೇಲೆ ಕೂತು ಅತ್ತೇ ಬಿಟ್ಟಳು.

ಕಣ್ಣೊರೆಸಿಕೊಂಡ ಮೇಲೆ ಗಂಡನನ್ನು ಕರೆದಳು. "ನೋಡು ಎಗಾನ್, ಜೂನ್ ಮುಗಿಯೋ ತನಕ ನೀನು ಯಾರ ಹತ್ರಾನೂ ವಾದ ಮಾಡ್ಬೇಡ, ಯಾರಿಗೂ ಬುದ್ಧಿ ಹೇಳ್ಬೇಡ. ವರ್ಷದ ಪಾಸಿದೆ, ಟ್ರಾಂ ಹತ್ತಿ ಎಲ್ಲಾದ್ರೂ ತೆಪ್ಪಗೆ ಸುತ್ಕೊಂಡು ಬಾ."

ಎಗಾನ್ ಸುತ್ತಿದರು. ತೆಪ್ಪಗಿರುವುದು ಮಾತ್ರ ಆಗಲಿಲ್ಲ. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಎಗಾನ್ ಪ್ರವಾಸಿಗರನ್ನು ಬಿಟ್ಟುಕೊಂಡರು.

ಪ್ರವಾಸಿಗರ ಪಾಡು ನೋಡಿ ಅವರ ಮನಸ್ಸು ತಡೆಯುತ್ತಿರಲಿಲ್ಲ, ಪಾಪ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಬೇಕು, ಎಡಕ್ಕೆ ನಿಂತರೆ ಹಿಂದಿನಿಂದ ಇಡೀ ಊರೇ ನಿಟ್ಟುಸಿರು ಬಿಡುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಟ್ರಾಂ ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಗೊತ್ತಿಲ್ಲದೆ ಬಾಗಿಲ ಮುಂದೆ ಭಕ್ತರ ಹಾಗೆ ಕೈಕಟ್ಟಿ ನಿಲ್ಲುತ್ತಾರೆ. ಎಲ್ಲಕ್ಕಿಂತ ದೊಡ್ಡ ಅನಾಹುತ ಟಿಕೆಟಿನದು. ನಮ್ಮಲ್ಲಿ ಟಿಕೆಟ್ ಕೊಂಡರೆ ಆಗಲಿಲ್ಲ, ಅದನ್ನು ನೀಲಿ ಪೆಟ್ಟಿಗೆಯ ಬಾಯಿಗೆ ಕೊಟ್ಟು ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಜೇಬಿನಲ್ಲಿದ್ದರೆ ಅದು ಟಿಕೆಟೇ ಅಲ್ಲ, ಬರೀ ಕಾಗದ. ಎಗಾನ್ ಇದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ಕಂಡಕಂಡ ಹೊರಗಿನವರಿಗೆ ಹೇಳತೊಡಗಿದರು.

ಒಂದು ಮಂಗಳವಾರ ಪೋರ್ಚುಗಲ್ಲಿನ ಗಂಡಹೆಂಡಿರು ಟ್ರಾಂ ಹತ್ತಿದರು. ಕೈಯಲ್ಲಿ ಟಿಕೆಟ್ ಹಿಡಿದಿದ್ದಾರೆ, ನೀಲಿ ಪೆಟ್ಟಿಗೆಯ ಮುಂದೆಯೇ ನಿಂತಿದ್ದಾರೆ, ಅದಕ್ಕೆ ಬೆನ್ನು ಹಾಕಿ. ಎಗಾನ್ ತಡೆಯಲಾರದೆ ಎದ್ದರು. ಹಿತ್ತಾಳೆ ಗುಂಡಿಯ ಕೋಟು ಸರಿಮಾಡಿಕೊಂಡು ಹತ್ತಿರ ಹೋಗಿ, ಗಟ್ಟಿಯಾಗಿ ಕೇಳಿದರು, "ನಿಮ್ಮ ಟಿಕೆಟ್‌ಗೆ ಮುದ್ರೆ ಆಗಿದೆಯಾ?"

ಈಗ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ನಿಲ್ದಾಣಗಳಿಗೆ ತಡೆಗೇಟುಗಳಿಲ್ಲ, ಟ್ರಾಂನಲ್ಲಿ ಕಂಡಕ್ಟರೂ ಇಲ್ಲ. ಕಂಟ್ರೋಲರ್ ಎನ್ನಿಸಿಕೊಳ್ಳುವ ಚೆಕಿಂಗ್‌ನವರು ಮಾತ್ರ ಇದ್ದಾರೆ. ಅವರೋ ಸಮವಸ್ತ್ರ ಹಾಕುವುದಿಲ್ಲ, ತರಕಾರಿಗೆ ಹೊರಟವರ ಹಾಗೆ ಬಂದು ಪಕ್ಕದಲ್ಲೇ ಕೂರುತ್ತಾರೆ. ಯಾರು ಬೇಕಾದರೂ ಚೆಕಿಂಗ್‌ನವರಾಗಿರಬಹುದಾದ್ದರಿಂದ ಊರಿನ ಜನ ಯಾರನ್ನೂ ನಂಬುವುದಿಲ್ಲ.

ಪೋರ್ಚುಗಲ್ಲಿನವರು ಎರಡೂ ಕೈಯಲ್ಲಿ ಟಿಕೆಟ್ ಒಪ್ಪಿಸಿದರು. ಎಗಾನ್ ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಷ್ಟರಲ್ಲಿ ಟ್ರಾಂನಲ್ಲಿ ಪಿಟಿಪಿಟಿ ಎನ್ನುತ್ತಿದ್ದ ಮಾತೆಲ್ಲ ನಿಂತಿತು. ಒಬ್ಬ ಕೋಟಿನ ಜೇಬು ತಡಕಿದ, ಒಬ್ಬಳು ಕೈಚೀಲ ತೆರೆದಳು, ಒಬ್ಬ ಮುದುಕಿ ನಿದ್ದೆ ಹೊಡೆಯುತ್ತಿದ್ದ ಗಂಡನ ಪಕ್ಕೆಗೆ ತಿವಿದಳು. ಹಿಂದಿನ ಬಾಗಿಲಲ್ಲಿದ್ದ ದಪ್ಪ ಮನುಷ್ಯನೊಬ್ಬ ತನ್ನದಲ್ಲದ ನಿಲ್ದಾಣದಲ್ಲಿ ಇಳಿದು ಬಿರಬಿರನೆ ನಡೆದ. ಕುಂಬಳಕಾಯಿ ಕಳ್ಳ ಅಂದರೆ ಇಡೀ ಟ್ರಾಂ ಹೆಗಲು ಮುಟ್ಟಿ ನೋಡಿಕೊಂಡಿತು. ಎಗಾನ್ ಮುದ್ರೆ ಹಾಕಿಸಿ ಟಿಕೆಟ್ ವಾಪಸ್ ಕೊಟ್ಟು ತಿರುಗಿದರೆ, ಎರಡೂ ಕಡೆ ಸಾಲಾಗಿ ಪಾಸುಗಳು ಮೇಲೆದ್ದಿದ್ದವು. ಮೂವತ್ತೆಂಟು ವರ್ಷ ಗುಂಡಿ ಮಾರಿದವರಿಗೆ ಯಾರೂ ಹೀಗೆ ಎದ್ದು ಗೌರವ ಕೊಟ್ಟಿರಲಿಲ್ಲ. ಅವರು ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ಒಂದೊಂದೇ ಪಾಸು ನೋಡುತ್ತ, ಗಂಭೀರವಾಗಿ ತಲೆಯಾಡಿಸುತ್ತ ಕೊನೆಯ ತನಕ ಹೋದರು.

ಕೊನೆಯ ಸೀಟಿನಲ್ಲಿ ಬ್ಲಾಶೆಕ್ ಅಮ್ಮನವರು ತಮ್ಮ ಕುಳ್ಳಗಾಲಿನ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ನಮಸ್ಕಾರ, ಕಂಟ್ರೋಲರ್ ಸಾಹೇಬ್ರೇ," ಅಂದರು, ನಾಯಿಯನ್ನು ಇನ್ನಷ್ಟು ಅವಚಿಕೊಂಡು. "ನಮಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ ನೋಡಿ."

ಇಲ್ಲಮ್ಮ, ನಾನು ಅಂಥವನಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎಗಾನ್ ಹಾಗನ್ನಲಿಲ್ಲ. "ಇರ್ಲಿ, ಇರ್ಲಿ," ಅಂದರು.

ಮಾತು ಆಡಿದರೆ ಹೋಯಿತು. ಬ್ಲಾಶೆಕ್ ಅಮ್ಮನವರು ಗುಟ್ಟನ್ನು ಯಾರಿಗೂ ಹೇಳುವವರಲ್ಲ, ಆದ್ದರಿಂದ ಉಳಿದ ಹನ್ನೆರಡು ಮನೆಗೂ ಹೋಗಿ "ಯಾರಿಗೂ ಹೇಳ್ಬೇಡಿ" ಎಂದು ಪ್ರತ್ಯೇಕವಾಗಿ ಪ್ರಮಾಣ ಮಾಡಿಸಿಕೊಂಡು ಹೇಳಿದರು. ಮಾರನೆಯ ಬೆಳಿಗ್ಗೆ ಅವರ ನಾಯಿ ಮೆಟ್ಟಿಲ ಮೇಲೆ ಬಾಯಿಗೆ ಕುಕ್ಕೆ ಕಟ್ಟಿಸಿಕೊಂಡು ಬಂತು. ಟ್ರಾಂನಲ್ಲಿ ನಾಯಿಗೆ ಬಾಯಿಕುಕ್ಕೆ ಕಡ್ಡಾಯ, ಮೆಟ್ಟಿಲ ಮೇಲೆ ಅಂಥ ನಿಯಮ ಇಲ್ಲ. ಆದರೂ ಮುನ್ನೆಚ್ಚರಿಕೆ. ಎರಡನೆಯ ಮಹಡಿಯ ಡಾಕ್ಟರು ಕಸ ಹಾಕಲು ಇಳಿದು ಬಂದವರು ಎಗಾನ್‌ರನ್ನು ಕಂಡು, ಕಸದ ಚೀಲ ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಪಾಸ್ ಹುಡುಕಿದರು. ಸಲಹೆಗಾರರು ಕದದ ಸಂದಿಯಿಂದ ಕರೆದು, "ನಮ್ಮ ಅತ್ತಿಗೆ ಮಗಳಿಗೆ ಒಂದು ದಂಡ ಬಿದ್ದಿದೆ, ನೀವು ಮನಸ್ಸು ಮಾಡಿದ್ರೆ..." ಎಂದು ಪಿಸುಗುಟ್ಟಿದರು. ಎಗಾನ್ "ನೋಡೋಣ" ಅಂದರು. ಬೇಕರಿಯಲ್ಲಿ ಒಂದು ಬನ್ನು ಕೇಳಿದರೆ ಎರಡು ಕಟ್ಟಿಕೊಟ್ಟು, ಪಾಸು ತೋರಿಸಿದರು.

"ಯಾಕೆ ಎಲ್ರೂ ನಿನ್ನ ಕಂಡ್ರೆ ಪಾಸ್ ತೆಗೀತಾರೆ?" ಎಂದು ಹೆರ್ಮಿನೆ ಕೇಳಿದಳು.

"ಮರ್ಯಾದೆ ಕೊಡ್ತಾರಪ್ಪ. ಕೊಟ್ರೆ ತಪ್ಪಾ?"

"ನಿಂಗೆ ಮರ್ಯಾದೆ ಕೊಡೋಕೆ ಅವ್ರಿಗೇನು ಬಂದಿದೆ ದಾಡಿ?" ಎಂದು ಹೆರ್ಮಿನೆ ಸೌತೆಗೆ ನೀರು ಹಾಕಲು ಹೋದಳು. ಅವಳಿಗೆ ಅನುಮಾನ ಬಂದಿತ್ತು, ಆದರೆ ಅವಳ ತಲೆ ತುಂಬ ಇಪ್ಪತ್ತೇಳನೇ ನಂಬರೇ ತುಂಬಿತ್ತು.

ಶನಿವಾರಕ್ಕೆ ಇನ್ನು ನಾಲ್ಕು ದಿನವಿದ್ದಾಗ ಹೆರ್ಮಿನೆ ಒಂದು ಕೇಕು ಬೇಯಿಸಿ, ಬಟ್ಟೆ ಮುಚ್ಚಿ, ಅಧ್ಯಕ್ಷ ಮಾರೆಶ್ ಅವರನ್ನು ಕಂಡು ಬರಲು ಹೋದಳು. ಹೋದ ಕೇಕು ಹೋದ ಹಾಗೇ ವಾಪಸ್ ಬಂತು. ಹೆರ್ಮಿನೆಯ ಮುಖದಲ್ಲಿ ರಕ್ತವಿರಲಿಲ್ಲ.

"ಕೇಕ್ ಮುಟ್ಲಿಲ್ಲ ಎಗಾನ್. ಬಾಗಿಲಲ್ಲೇ ನಿಲ್ಸಿ ಮಾತಾಡಿದ್ರು. ಚೆಕಿಂಗ್‌ನವನ ಹೆಂಡ್ತಿಗೆ ತೋಟ ಕೊಡೋದಾ ಅಂದ್ರು. ಇವತ್ತು ಟಿಕೆಟ್ ನೋಡೋನು ನಾಳೆ ಬೇಲಿ ಅಳೀತಾನೆ ಅಂದ್ರು."

ಎಗಾನ್ ಕುರ್ಚಿಯಲ್ಲಿ ಕುಸಿದರು. ಆ ಕೈತೋಟಗಳಲ್ಲಿ ಬೇಲಿ ಸೊಂಟದ ಮಟ್ಟ ದಾಟಬಾರದು ಎಂಬ ನಿಯಮವಿದೆ. ಅಲ್ಲಿ ಸೊಂಟದ ಮಟ್ಟಕ್ಕಿರುವ ಬೇಲಿ ಒಂದೂ ಇಲ್ಲ. ಅಧ್ಯಕ್ಷರ ಬೇಲಿಯೊಳಗೆ ಅಧ್ಯಕ್ಷರೇ ಕಾಣುವುದಿಲ್ಲ.

"ಯಾರು ಹೇಳಿದ್ದು ನಾನು ಚೆಕಿಂಗ್‌ನವ್ನು ಅಂತ?"

"ವಿಚಾರಿಸೋಕೆ ಬಂದ ಸಮಿತಿಯವ್ರಿಗೆ ಬ್ಲಾಶೆಕ್ ಅಮ್ಮ. ಅವ್ರಿಗೆ ಯಾರು ಹೇಳಿದ್ರು?"

ಎಗಾನ್ ಕೋಟಿನ ಹಿತ್ತಾಳೆ ಗುಂಡಿಯೊಂದನ್ನು ತಿರುವತೊಡಗಿದರು. ಹೆರ್ಮಿನೆ ಅವರ ಮುಖವನ್ನೇ ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಕೇಕನ್ನು ಮೇಜಿನ ಮೇಲಿಟ್ಟು, ಹನ್ನೊಂದು ವರ್ಷ ಅಂತ ಒಂದೇ ಮಾತು ಹೇಳಿ, ಕತ್ತಲೆ ಕೋಣೆಗೆ ಹೋಗಿ ಮೆಣಸಿನ ಗಿಡಗಳ ನಡುವೆ ಮಲಗಿದಳು. ಎಗಾನ್‌ಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಮರುದಿನವೇ ಅವರು ಗುಡ್ಡದ ಕೆಳಗೆ, ಮರದಡಿ ಬೆಂಚು ಹಾಕಿ ವೈನ್ ಮಾರುವ ಅಂಗಳಕ್ಕೆ ಹೋದರು. ಇಂಜಿನಿಯರ್ ಮಾರೆಶ್ ಸಮಿತಿಯ ನಾಲ್ವರನ್ನು ಕೂರಿಸಿಕೊಂಡು ವೈನಿಗೆ ಸೋಡಾ ಬೆರೆಸುತ್ತಿದ್ದರು. ಮಾರೆಶ್ ಕೆಂಪು ಮುಖದ ಆಜಾನುಬಾಹು. ಬದುಕಿನಲ್ಲಿ ಮೂರು ಸಲ ಚೆಕಿಂಗ್‌ನವರ ಕೈಗೆ ಸಿಕ್ಕಿದ್ದರು. ಮೂರನ್ನೂ ಯುದ್ಧದ ಗಾಯಗಳಂತೆ ಹೇಳಿಕೊಳ್ಳುತ್ತಿದ್ದರು.

"ಇಂಜಿನಿಯರ್ ಸಾಹೇಬ್ರೇ, ನಾನು ಚೆಕಿಂಗ್‌ನವನಲ್ಲ," ಎಂದರು ಎಗಾನ್.

"ನಾನು ಕೇಳಿದ್ನಾ?"

"ಇಲ್ಲ. ನಾನಾಗೇ ಹೇಳ್ತಿದೀನಿ."

"ಕೇಳ್ದೆ ಇದ್ರೂ ಹೇಳ್ತಿದಾರೆ. ಗಮನಿಸ್ಕೊಳ್ರಪ್ಪ," ಎಂದು ಮಾರೆಶ್ ಸಮಿತಿಯ ಕಡೆ ತಿರುಗಿದರು. ಸಮಿತಿ ಗಮನಿಸಿಕೊಂಡಿತು.

"ನಾನು ಮೂವತ್ತೆಂಟು ವರ್ಷ ಗುಂಡಿ ಮಾರಿದವ್ನು."

"ಗುಂಡಿ," ಎಂದು ಮಾರೆಶ್ ಮೆಚ್ಚುಗೆಯಿಂದ ತಲೆದೂಗಿದರು. "ನೋಡಿ, ನಾನಾಗಿದ್ರೆ ಪೋಸ್ಟಾಫೀಸು ಅಂದ್ಬಿಡ್ತಿದ್ದೆ, ಸಿಕ್ಕಿಬೀಳ್ತಿದ್ದೆ. ಗುಂಡಿ ಅಂತ ಯಾರಿಗ್ರೀ ಹೊಳೆಯುತ್ತೆ? ಇವ್ರಿಗೆ ಒಳ್ಳೇ ತರಬೇತಿ ಕೊಡ್ತಾರೆ."

"ಇಲ್ನೋಡಿ, ಅಂಗಡಿಯವರು ಕೊಟ್ಟ ಪ್ರಮಾಣಪತ್ರ."

"ಕಾಗದ ಬೇರೆ ಮಾಡಿಸ್ಕೊಟ್ಟಿದ್ದಾರೆ." ಮಾರೆಶ್ ಅದನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕದವನಿಗೆ ದಾಟಿಸಿದರು. "ಸಾಮಾನ್ಯ ಮನುಷ್ಯ ಯಾರಾದ್ರೂ ತಾನು ಗುಂಡಿ ಮಾರಿದ್ದೆ ಅನ್ನೋಕೆ ಜೇಬಲ್ಲಿ ಪ್ರಮಾಣಪತ್ರ ಇಟ್ಕೊಂಡು ತಿರುಗ್ತಾನಾ? ನೀವೇ ಹೇಳಿ."

ಸಮಿತಿಗೆ ಇದು ನ್ಯಾಯವಾಗಿ ಕಂಡಿತು. ಎಗಾನ್ ಕಣ್ಣಲ್ಲಿ ನೀರು ತಂದುಕೊಂಡು, ಹೆರ್ಮಿನೆಯ ಹನ್ನೊಂದು ವರ್ಷದ ಕಥೆ, ಸ್ನಾನದ ತೊಟ್ಟಿಯ ಕಥೆ ಎಲ್ಲ ಹೇಳಿದರು. ಮಾರೆಶ್ ಮೃದುವಾದರು. ಕೆಟ್ಟ ಮನುಷ್ಯರಲ್ಲ ಅವರು. ಪಾಪ ಅನ್ನಿಸಿ, ಒಂದು ಲೋಟ ವೈನ್ ಕುಡಿಸೋಣ ಎಂದು ಪರ್ಸು ತೆಗೆದರು. ತೆಗೆಯುವಾಗ ಅದರಿಂದ ಒಂದು ಟ್ರಾಂ ಟಿಕೆಟ್ ಜಾರಿ ಎಗಾನ್ ಕಾಲ ಬಳಿ ಬಿತ್ತು. ಎಗಾನ್ ಬಗ್ಗಿ ಎತ್ತಿಕೊಂಡರು, ಒರೆಸಿದರು, ಕನ್ನಡಕ ಹಾಕಿಕೊಂಡರು. ಹುಟ್ಟುಗುಣ ಸುಟ್ಟರೂ ಹೋಗದು.

"ಇದಕ್ಕೆ ಮುದ್ರೇನೇ ಹಾಕಿಸಿಲ್ವಲ್ಲ ಸಾರ್," ಎಂದರು.

ಸಮಿತಿಯ ನಾಲ್ವರೂ ಲೋಟ ಕೆಳಗಿಟ್ಟರು. ವಿಷಯ ಏನೆಂದರೆ, ಮಾರೆಶ್ ಆ ಒಂದು ಟಿಕೆಟಿನಲ್ಲಿ ಎರಡು ವರ್ಷದಿಂದ ಓಡಾಡುತ್ತಿದ್ದರು. ಚೆಕಿಂಗ್‌ನವರ ವಾಸನೆ ಬಂದರೆ ಮಾತ್ರ ಪೆಟ್ಟಿಗೆಯತ್ತ ಓಡುವುದು ಅವರ ಪದ್ಧತಿ. ಅವರು ನಿಧಾನವಾಗಿ ಪರ್ಸು ಮಡಚಿದರು. "ಹೋಗ್ಬನ್ನಿ ಕಂಟ್ರೋಲರ್ ಸಾಹೇಬ್ರೇ," ಎಂದರು. "ಶನಿವಾರ ತೀರ್ಮಾನ ತಿಳಿಸ್ತೀವಿ."

ಶನಿವಾರ ಬಂತು. ಹೆರ್ಮಿನೆ ಹೊಸದೊಂದು ಕೇಕು ಬೇಯಿಸಿದ್ದಳು. ಆಸೆಯೇನೂ ಉಳಿದಿರಲಿಲ್ಲ, ಆದರೂ ಕರೆದ ಸಭೆಗೆ ಹೋಗದಿರುವುದು ಸರಿಯಲ್ಲ ಎಂದು ಒಳ್ಳೆಯ ಹ್ಯಾಟು ಹಾಕಿಕೊಂಡಳು. ದಿನವೂ ಮಾಡುವಂತೆ ಗಂಡನ ವರ್ಷದ ಪಾಸನ್ನು ತಾನೇ ಅವರ ಎಡಜೇಬಿನಲ್ಲಿಟ್ಟು, ತನ್ನದನ್ನು ಕೈಚೀಲದಲ್ಲಿಟ್ಟುಕೊಂಡಳು. ಇಬ್ಬರೂ ಮಾತಿಲ್ಲದೆ ಟ್ರಾಂ ಹತ್ತಿದರು. ಎರಡು ನಿಲ್ದಾಣದ ನಂತರ ಮಾರೆಶ್ ಮತ್ತು ಸಮಿತಿಯ ನಾಲ್ವರು ಹತ್ತಿದರು. ಸಭೆಗೆ ಮುಂಚಿನ ಸಭೆ ಎಲ್ಲೋ ವೈನ್ ಜೊತೆ ಮುಗಿಸಿ ಬಂದಿದ್ದರು. ಎಗಾನ್‌ರನ್ನು ಕಂಡು ಐವರೂ ಒಟ್ಟಿಗೇ ನಿಂತುಬಿಟ್ಟರು. ಆದರೆ ಬಾಗಿಲು ಮುಚ್ಚಿಯಾಗಿತ್ತು.

"ನಮಸ್ಕಾರ," ಎಂದರು ಎಗಾನ್.

"ಡ್ಯೂಟಿ ಮೇಲಿದ್ದೀರಾ?" ಎಂದರು ಮಾರೆಶ್, ನೀಲಿ ಪೆಟ್ಟಿಗೆಯನ್ನು ಓರೆಗಣ್ಣಲ್ಲಿ ನೋಡುತ್ತ. ಎಗಾನ್ ಚೆಕಿಂಗ್ ಶುರುಮಾಡಿದರೆ ಎರಡು ಹೆಜ್ಜೆಯಲ್ಲಿ ಮುಟ್ಟಬಹುದು ಎಂದು ಲೆಕ್ಕ ಹಾಕುತ್ತಿದ್ದರು.

ಎಗಾನ್ ಉತ್ತರ ಕೊಡುವ ಮುಂಚೆ, ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದ ಹುಡುಗಿಯೊಬ್ಬಳು ಸೀಟಿನಿಂದ ಎದ್ದಳು. ಎದ್ದು ನೇರ ನೀಲಿ ಪೆಟ್ಟಿಗೆಗೇ ಒರಗಿ ನಿಂತು, ಕತ್ತಿನಿಂದ ಗುರುತಿನ ಚೀಟಿ ಹೊರಗೆಳೆದಳು. ಅತ್ತ ಹಿಂಬಾಗಿಲಲ್ಲಿ ಈರುಳ್ಳಿ ಸೊಪ್ಪು ಇಣುಕುತ್ತಿದ್ದ ಚೀಲ ಹಿಡಿದ ನಡುವಯಸ್ಸಿನ ಗಂಡಸೊಬ್ಬ ಚೀಲ ಕೆಳಗಿಟ್ಟ.

"ಟಿಕೆಟ್ ತೋರ್ಸಿ, ದಯವಿಟ್ಟು," ಎಂದಳು ಹುಡುಗಿ.

ನಿಜವಾದ ಚೆಕಿಂಗ್. ಟ್ರಾಂನಲ್ಲಿದ್ದವರೆಲ್ಲ ಎಗಾನ್ ಕಡೆ ನೋಡಿದರು, ಇವರೇ ಸೈನ್ಯ ಕರೆಸಿದ್ದಾರೆ ಎಂಬಂತೆ. ಗಂಡಸು ಹಿಂದಿನಿಂದ ಒಂದೊಂದೇ ಸಾಲು ಮುಗಿಸುತ್ತ ಬಂದ. ಹುಡುಗಿ ಮುಂದಿನಿಂದ ಹೊರಟಳು. ನಡುವೆ ಮಾರೆಶ್ ನಿಂತಿದ್ದರು. ಅವರ ಕೆಂಪು ಮುಖ ಮೊಸರಿನ ಬಣ್ಣಕ್ಕೆ ತಿರುಗಿತ್ತು. ಸಮಿತಿಯ ನಾಲ್ವರಲ್ಲಿ ಮೂವರು ಛಾವಣಿ ನೋಡುತ್ತಿದ್ದರು.

ಹುಡುಗಿ ಮೊದಲು ಬಂದದ್ದು ಎಗಾನ್ ಬಳಿಗೆ. ಎಗಾನ್ ಎಡಜೇಬಿನತ್ತ ಕೈ ಒಯ್ದರು. ನಲವತ್ತು ವರ್ಷದಲ್ಲಿ ಒಂದೇ ಒಂದು ನಿಲ್ದಾಣವನ್ನೂ ಟಿಕೆಟಿಲ್ಲದೆ ದಾಟಿದವರಲ್ಲ ಅವರು. ಮದುವೆಯ ದಿನ ಕೂಡ ಹೂಗುಚ್ಛ ಹಿಡಿದುಕೊಂಡೇ ಟಿಕೆಟಿಗೆ ಮುದ್ರೆ ಹಾಕಿಸಿದ್ದರು. ಬೆರಳಿಗೆ ಪಾಸಿನ ಅಂಚು ತಾಕಿತು. ಆಗ ಅವರಿಗೆ ಮಾರೆಶ್ ಮುಖ ಕಾಣಿಸಿತು, ಆಮೇಲೆ ಹೆರ್ಮಿನೆಯ ತೊಡೆಯ ಮೇಲಿದ್ದ ಕೇಕು. ಕೈ ಬರಿದಾಗಿ ಹೊರಗೆ ಬಂತು.

"ನನ್ನ ಹತ್ರ ಟಿಕೆಟ್ ಇಲ್ಲ," ಎಂದರು.

ಹಿಂದಿನ ಸೀಟಿನಿಂದ "ಅಯ್ಯೋ ದೇವರೇ" ಎಂಬ ಸದ್ದು ಬಂತು. ಬ್ಲಾಶೆಕ್ ಅಮ್ಮನವರು ಅಲ್ಲೂ ಇದ್ದರು.

"ಇಲ್ವಾ?" ಎಂದರು ಮಾರೆಶ್, ತಮ್ಮ ಸ್ಥಿತಿಯನ್ನೇ ಮರೆತು. "ನಿಮ್ಮ ಹತ್ರ? ಇಲ್ವಾ?"

"ಇಲ್ಲ."

"ಎಗಾನ್," ಎಂದಳು ಹೆರ್ಮಿನೆ, "ಬೆಳಿಗ್ಗೆ ನಾನೇ ನಿನ್ನ ಎಡ..."

ಎಗಾನ್ ಅವಳ ಕಡೆ ನೋಡಿದರು. ಹೆಚ್ಚೇನಿಲ್ಲ, ಸುಮ್ಮನೆ ನೋಡಿದರು. ಹೆರ್ಮಿನೆ ಬಾಯಿ ಮುಚ್ಚಿದಳು. ಮಾರೆಶ್‌ರನ್ನು ನೋಡಿದಳು, ಅವರಿಂದ ಎರಡೇ ಸಾಲು ದೂರದಲ್ಲಿದ್ದ ಸೊಪ್ಪಿನ ಚೀಲದ ಗಂಡಸನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಗಂಡ ಅರ್ಧ ಕೆಲಸ ಮಾಡಿದ್ದಾನೆ, ಉಳಿದರ್ಧ ಕೆಟ್ಟರೆ ಎಲ್ಲ ಕೆಟ್ಟಿತು ಎಂಬುದೂ ಅರ್ಥವಾಯಿತು. ಒಬ್ಬರನ್ನು ಇಳಿಸಲು ಒಬ್ಬ ಚೆಕಿಂಗ್‌ನವಳು ಸಾಕು. ಇನ್ನೊಬ್ಬ ಟ್ರಾಂನಲ್ಲೇ ಉಳಿದು ನೇರ ಅಧ್ಯಕ್ಷರ ಮುಂದೆ ನಿಲ್ಲುತ್ತಾನೆ.

"ನಿಮ್ಮದಮ್ಮಾ?" ಎಂದಳು ಹುಡುಗಿ.

ಹೆರ್ಮಿನೆ ತೆರೆದಿದ್ದ ಕೈಚೀಲವನ್ನು ಪಟ್ಟನೆ ಮುಚ್ಚಿದಳು. "ನನ್ನ ಹತ್ರಾನೂ ಇಲ್ಲ," ಎಂದಳು. "ನಾನ್ಯಾಕೆ ತಗೋಬೇಕು? ನಾನು ತಗೊಳಲ್ಲ." ಆಮೇಲೆ, ಸಾಲದೇನೋ ಅನ್ನಿಸಿ, "ಹಠಕ್ಕೇ ತಗೊಳಲ್ಲ," ಎಂದು ಸೇರಿಸಿದಳು.

"ರೈನರ್, ಬಾ ಇಲ್ಲಿ," ಎಂದು ಹುಡುಗಿ ಕೂಗಿದಳು. "ಇಲ್ಲಿ ಇಬ್ಬರಿದ್ದಾರೆ. ಅಮ್ಮಾವ್ರು ಸ್ವಲ್ಪ ಜೋರಿದ್ದಾರೆ."

ರೈನರ್ ಸೊಪ್ಪಿನ ಚೀಲ ಎತ್ತಿಕೊಂಡು, ಮಾರೆಶ್‌ರನ್ನು "ದಾರಿ ಬಿಡಿ ಸಾರ್" ಎಂದು ಪಕ್ಕಕ್ಕೆ ಸರಿಸಿ ಬಂದ. ಮುಂದಿನ ನಿಲ್ದಾಣದಲ್ಲಿ ನಾಲ್ವರೂ ಇಳಿದರು. ಟ್ರಾಂ ಹೊರಟಿತು. ಕಿಟಕಿಯಲ್ಲಿ ಇಂಜಿನಿಯರ್ ಮಾರೆಶ್ ಹ್ಯಾಟು ತೆಗೆದು ಎದೆಗಿಟ್ಟುಕೊಂಡು ನಿಂತಿದ್ದರು, ಶವಯಾತ್ರೆಯಲ್ಲಿ ನಿಲ್ಲುವಷ್ಟು ಗೌರವದಿಂದ.

ಹುಡುಗಿ ಕಲ್ಲುಬೆಂಚಿನ ಮೇಲೆ ಕೂತು ಎರಡು ಚೀಟಿ ಬರೆದಳು. ಒಬ್ಬೊಬ್ಬರಿಗೆ ನೂರು ಚಿಲ್ಲರೆ ಯೂರೋ. ವಯಸ್ಸಾದವರನ್ನು ಕಂಡು ಅವಳಿಗೆ ಕನಿಕರ ಬಂತು. "ತಾತ, ಮನೇಲಿ ವರ್ಷದ ಪಾಸೇನಾದ್ರೂ ಮರೆತು ಬಂದಿದ್ರೆ ಆಫೀಸಿಗೆ ತಂದು ತೋರ್ಸಿ. ಹೆಚ್ಚು ಕಮ್ಮಿ ಎಲ್ಲಾ ಮಾಫಿ ಆಗುತ್ತೆ."

ಎಗಾನ್ ಆಸೆಯಿಂದ ಬಾಯಿ ತೆರೆದರು. ಹೆರ್ಮಿನೆ ಅವರ ಕಾಲು ತುಳಿದಳು.

"ಅಂಥದ್ದೇನೂ ಇಲ್ಲ ಕಣಮ್ಮ, ನಮ್ಮ ಹತ್ರ. ಯಾವತ್ತೂ ಇರ್ಲಿಲ್ಲ."

"ಈ ನಿಲ್ದಾಣದ ಹೆಸರು ತಪ್ಪು ಬರೆದಿದೀರಿ," ಎಂದರು ಎಗಾನ್, ಚೀಟಿ ನೋಡಿ. "ಇದು ಮುಂದಿನ ನಿಲ್ದಾಣದ್ದು." ಹುಡುಗಿ ತಿದ್ದಿ ಥ್ಯಾಂಕ್ಸ್ ಹೇಳಿದಳು.

ಸಭೆಗೆ ಅವರು ಗುಡ್ಡ ಹತ್ತಿ ಮುಟ್ಟುವ ಹೊತ್ತಿಗೆ ಇಪ್ಪತ್ತು ನಿಮಿಷ ತಡವಾಗಿತ್ತು. ಹೆರ್ಮಿನೆಯ ಹ್ಯಾಟು ಓರೆಯಾಗಿತ್ತು, ಕೇಕು ಒಂದು ಕಡೆ ಕುಸಿದಿತ್ತು. ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಇಡೀ ಸಭೆ ಎದ್ದು ನಿಂತಿತು. ಮಾರೆಶ್ ಆಗಲೇ ಭಾಷಣದ ಮಧ್ಯದಲ್ಲಿದ್ದರು.

"...ಇದೇ ಬಾಯಲ್ಲಿ ನಾನು ಈ ಮನುಷ್ಯನಿಗೆ ಕಂಟ್ರೋಲರ್ ಅಂದೆ. ತಪ್ಪಾಯ್ತು. ಗುಂಡಿ ಮಾರಿದವರು ಇವರು, ಬರೀ ಗುಂಡಿ. ಟಿಕೆಟಿಲ್ಲದೆ ಓಡಾಡ್ತಾರೆ. ಗಂಡ ಮಾತ್ರ ಅಲ್ಲ, ಹೆಂಡ್ತೀನೂ. ಹ್ಯಾಟ್ ಹಾಕ್ಕೊಂಡು, ಮಡಿಲಲ್ಲಿ ಕೇಕ್ ಇಟ್ಕೊಂಡು, ಹಠಕ್ಕೇ ತಗೊಳಲ್ಲ ಅಂದ್ರು ಸ್ವಾಮಿ. ನಮ್ಮಲ್ಲಿ ಯಾರಿಗಿದೆ ಅಂಥ ಗುಂಡಿಗೆ? ಇಂಥ ಜನ ಬೇಲಿ ಅಳೀತಾರಾ?"

ಅಳೆಯುವುದಿಲ್ಲ ಎಂದು ಸಭೆ ಒಕ್ಕೊರಲಿನಿಂದ ತೀರ್ಮಾನಿಸಿತು. ಐದಕ್ಕೆ ಐದು ಮತ. ಮಾರೆಶ್ ಇಪ್ಪತ್ತೇಳನೇ ನಂಬರಿನ ಬೀಗದ ಕೈಯನ್ನು ಹೆರ್ಮಿನೆಯ ಅಂಗೈಯಲ್ಲಿಟ್ಟು, ಕುಸಿದ ಕೇಕಿನಲ್ಲಿ ಮೂರು ತುಂಡು ಒಬ್ಬರೇ ತಿಂದರು. ಹೆರ್ಮಿನೆ ಬೀಗದ ಕೈ ಹಿಡಿದುಕೊಂಡೇ ಇದ್ದಳು, ಕಾಫಿ ಕುಡಿಯುವಾಗಲೂ ಕೆಳಗಿಡಲಿಲ್ಲ.

ಕಟ್ಟಡದಲ್ಲಿ ಅವರ ಪದವಿ ಒಂದೇ ಸಂಜೆಯಲ್ಲಿ ಹೋಯಿತು. ಬ್ಲಾಶೆಕ್ ಅಮ್ಮನವರು ಮತ್ತೆ ಹನ್ನೆರಡು ಮನೆ ಹತ್ತಿಳಿದರು. ನಾಯಿಯ ಬಾಯಿಕುಕ್ಕೆ ಬಿಚ್ಚಲಾಯಿತು. ಬೇಕರಿಯಲ್ಲಿ ಬನ್ನು ಒಂದಕ್ಕಿಳಿಯಿತು. ಸಲಹೆಗಾರರು ಎಗಾನ್ ಎದುರಾದರೆ ಪರ್ಸು ಭದ್ರವಾಗಿ ಹಿಡಿದುಕೊಂಡು ದಾಟತೊಡಗಿದರು. ಪ್ರೋಹಾಸ್ಕ ಮತ್ತೆ ಬರೀ ಪ್ರೋಹಾಸ್ಕ ಆದರು. ಸ್ನಾನದ ತೊಟ್ಟಿ ಮಾತ್ರ ಖಾಲಿಯಾಯಿತು. ಸೌತೆಯೆಲ್ಲ ಗುಡ್ಡ ಸೇರಿತ್ತು.

ಮುಂದಿನ ಶನಿವಾರ ಮಾರೆಶ್ ಬೇಲಿಯಾಚೆಯಿಂದ ತಲೆ ಹಾಕಿದರು. ಕಾಲ್ಕೆಳಗೆ ಸ್ಟೂಲು ಹಾಕಿಕೊಂಡಿದ್ದರಿಂದ ಸಾಧ್ಯವಾಯಿತು. "ಪ್ರೋಹಾಸ್ಕ, ಇನ್ಮೇಲೆ ನಾವು ಒಂದೇ ಟ್ರಾಂಗೆ ಬರೋಣ ಕಣಯ್ಯ. ನೀನು ಮುಂಬಾಗಿಲು ನೋಡ್ಕೋ, ನಾನು ಹಿಂಬಾಗಿಲು. ಯಾವ ಚೆಕಿಂಗ್‌ನವನು ಹಿಡೀತಾನೋ ನೋಡೋಣ."

ಎಗಾನ್ ಹೆರ್ಮಿನೆಯ ಕಡೆ ನೋಡಿದರು. ಪಾಸಿಟ್ಟುಕೊಂಡು ಹೋದರೆ ಸಿಕ್ಕಿಬೀಳುತ್ತಾರೆ, ಪಾಸಿಲ್ಲದೆ ಹೋಗುವುದು ಅವರ ಜನ್ಮದಲ್ಲಿಲ್ಲ. ಹೆರ್ಮಿನೆ ಮಣ್ಣಿನಿಂದ ತಲೆಯೆತ್ತದೆ ಹೇಳಿದಳು, "ಆಗಲ್ಲ ಇಂಜಿನಿಯರ್ ಸಾಹೇಬ್ರೇ. ದಂಡ ಕಟ್ಟಿದ ದಿನವೇ ಎಗಾನ್ ಆಣೆ ಹಾಕಿದ್ದಾನೆ, ಇನ್ನು ಆ ಟ್ರಾಂ ಮುಖಾನೇ ನೋಡಲ್ಲ ಅಂತ. ನಾವು ನಡ್ಕೊಂಡೇ ಬರ್ತೀವಿ."

ಮಾರೆಶ್ ಹ್ಯಾಟು ತೆಗೆದರು. ಆಮೇಲೆ ಸ್ಟೂಲಿನಿಂದಿಳಿದು, ಇಂಥ ಜನ ಇನ್ನೂ ಇದ್ದಾರೆ ಎಂದು ನೆರೆಯವರಿಗೆ ಹೇಳಲು ಹೋದರು.

ಹೀಗೆ ಆ ಇಡೀ ಬೇಸಿಗೆ, ಪೂರ್ತಿ ಹಣ ಕಟ್ಟಿದ ವರ್ಷದ ಪಾಸುಗಳೆರಡನ್ನೂ ಮನೆಯ ಮೇಜಿನ ಖಾನೆಯಲ್ಲಿ ಬೀಗ ಹಾಕಿಟ್ಟು, ಪ್ರೋಹಾಸ್ಕ ದಂಪತಿ ಗುಡ್ಡಕ್ಕೆ ನಡೆದು ಹೋದರು. ಹತ್ತಲು ಒಂದು ಗಂಟೆ ಹತ್ತು ನಿಮಿಷ, ಇಳಿಯಲು ಐವತ್ತು ನಿಮಿಷ. ಟ್ರಾಂಗಳು ಗಂಟೆ ಬಾರಿಸುತ್ತ ಪಕ್ಕದಲ್ಲೇ ಹೋಗುತ್ತಿದ್ದವು, ಅರ್ಧ ಖಾಲಿ. ಮೂರನೆಯ ಭಾನುವಾರ ಏರಿನ ತಿರುವಿನಲ್ಲಿ ಎಗಾನ್ ನಿಂತು ಬೆವರೊರೆಸಿಕೊಂಡರು.

"ಹೆರ್ಮಿನೆ, ಆ ಕಡೆಯಿಂದ ಬಸ್ಸೊಂದಿದೆ. ಸಂಘದವರು ಯಾರೂ ಅದ್ರಲ್ಲಿ ಬರಲ್ಲ. ಪಾಸ್ ತಗೊಂಡು ಅದ್ರಲ್ಲೇ ಬರಬಹುದಿತ್ತಲ್ವಾ?"

"ಬರಬಹುದಿತ್ತು," ಎಂದಳು ಹೆರ್ಮಿನೆ. "ಅದು ನಂಗೆ ಮೊದ್ಲನೇ ದಿನಾನೇ ಗೊತ್ತಿತ್ತು."

"ಮತ್ತೆ ಹೇಳ್ಲೇ ಇಲ್ಲ?"

ಅವಳು ಸ್ವಲ್ಪ ದೂರ ನಡೆದು, ಹಿಂತಿರುಗಿ ನೋಡದೆ ಹೇಳಿದಳು, "ಮದುವೆ ಆಗಿ ಮೂವತ್ತೊಂಬತ್ತು ವರ್ಷ ಆಯ್ತು. ನೀನು ನನ್ನ ಜೊತೆ ಇಷ್ಟು ದೂರ ಒಂದು ದಿನಾನೂ ನಡೆದಿರ್ಲಿಲ್ಲ."

ಎಗಾನ್ ಕರವಸ್ತ್ರ ಜೇಬಿಗಿಟ್ಟರು. ಬೇಗ ಬೇಗ ಹೆಜ್ಜೆ ಹಾಕಿ ಅವಳನ್ನು ಕೂಡಿಕೊಂಡು, ಅವಳ ಕೈಯಲ್ಲಿದ್ದ ಸಸಿಗಳ ಬುಟ್ಟಿಯನ್ನು ತಾವು ತೆಗೆದುಕೊಂಡರು.